ಪೆಟ್ರೋಲ್ ಕಾರಿನ ಮೈಲೇಜ್ ಕುಸಿತ ಮತ್ತು ಲೀನ್ ಮಿಶ್ರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಿಗೆ, ಅದರಲ್ಲೂ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಬಿಎಸ್-4 ಮತ್ತು ಬಿಎಸ್-6 ಕಾಲದ, ಟರ್ಬೊ ಇಲ್ಲದ ಸಣ್ಣ ಎಂಜಿನ್‌ಗಳಿಗೆ ಸಂಬಂಧಿಸಿದವು. ಡೀಸೆಲ್ ಎಂಜಿನ್ ಕೆಲಸ ಮಾಡುವ ಕ್ರಮವೇ ಬೇರೆಯಾದ್ದರಿಂದ ಅದನ್ನು ಸೇರಿಸಿಲ್ಲ. ಮೈಲೇಜ್ ಬಿದ್ದಿದೆ ಎಂದು ಗ್ಯಾರೇಜಿಗೆ ಹೋದವರಿಗೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್ ಎಂದು ಒಂದರ ಹಿಂದೊಂದು ಬಿಲ್ ಬರುವುದು, ತೊಂದರೆ ಮಾತ್ರ ಹಾಗೆಯೇ ಉಳಿಯುವುದು ಬಹಳ ಸಾಮಾನ್ಯ. ಬಿಡಿಭಾಗ ಬದಲಿಸುವ ಮುನ್ನ ಅಳತೆ ಮಾಡಿದರೆ ಈ ಖರ್ಚಿನ ಹೆಚ್ಚಿನ ಪಾಲು ತಪ್ಪುತ್ತದೆ.

ಮೈಲೇಜ್ ನಿಜವಾಗಿಯೂ ಬಿದ್ದಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ಸದ್ಯಕ್ಕೆ ಬದಿಗಿಡಿ. ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರ ಮೇಲೆ ಲೆಕ್ಕ ಹಾಕಿದ ಅಂದಾಜು ಅದು. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ನಾಝಲ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ ಓಡೋಮೀಟರ್ ಬರೆದಿಟ್ಟುಕೊಳ್ಳಿ. ಮುಕ್ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಅಲ್ಲಿಯೇ ಮತ್ತೆ ತುಂಬಿಸಿ. 504 ಕಿಲೋಮೀಟರ್ ಓಡಿ 36 ಲೀಟರ್ ಹಿಡಿದರೆ ಲೀಟರಿಗೆ 14 ಕಿಲೋಮೀಟರ್. ಕಟ್ ಆದ ಮೇಲೂ ರೌಂಡ್ ಫಿಗರಿಗೆಂದು ಮತ್ತಷ್ಟು ಸುರಿಸಿದರೆ ಲೆಕ್ಕ ಕೆಡುತ್ತದೆ, ಆವಿ ಹೀರುವ ಇದ್ದಿಲ ಡಬ್ಬಿಗೆ ಪೆಟ್ರೋಲ್ ನುಗ್ಗಿ ಬೇರೊಂದು ತೊಂದರೆಯೂ ಶುರುವಾಗಬಹುದು.

ಒಂದು ಟ್ಯಾಂಕಿನ ಲೆಕ್ಕ ಸಾಲದು, ಮೂರು ಬೇಕು. ಪ್ರಯಾಣದ ಬಗೆಯೂ ಒಂದೇ ಆಗಿರಬೇಕು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದ ಲೆಕ್ಕವನ್ನು ಬೆಂಗಳೂರಿನಿಂದ ಇಳಿದು ಹೋದ ಲೆಕ್ಕದೊಂದಿಗೆ ಹೋಲಿಸಿದರೆ ಒಳ್ಳೆಯ ಕಾರಿನಲ್ಲೂ ದೋಷವಿರುವಂತೆ ಕಾಣುತ್ತದೆ; ಹೋಗಿಬರುವ ಎರಡೂ ದಾರಿಯನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ನಿಂತಲ್ಲೇ ಓಡುವ ಸಣ್ಣ ಎಂಜಿನ್ ಕೂಡ ಗಂಟೆಗೆ ಅರ್ಧದಿಂದ ಒಂದು ಲೀಟರ್ ವರೆಗೆ ಕುಡಿಯುತ್ತದೆ, ಎಸಿ ಹಾಕಿದ್ದರೆ ಇನ್ನೂ ಹೆಚ್ಚು. ಹೀಗಾಗಿ ಕಚೇರಿಯ ದಾರಿಯಲ್ಲಿ ಮೆಟ್ರೊ ಕಾಮಗಾರಿ ಶುರುವಾಗಿ ಅರ್ಧ ಗಂಟೆ ಹೆಚ್ಚು ನಿಲ್ಲುವಂತಾದರೆ, ಅಷ್ಟರಿಂದಲೇ ನಗರದ ಮೈಲೇಜ್ ಕಣ್ಣಿಗೆ ಕಾಣುವಷ್ಟು ಬೀಳುತ್ತದೆ.

ಲೀನ್ ಎಂದರೆ ಏನು?

ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ಲೀನ್, ಪೆಟ್ರೋಲ್ ಹೆಚ್ಚಾದರೆ ರಿಚ್. ಎಥನಾಲ್‌ಗೆ ಈ ಪ್ರಮಾಣ ಸುಮಾರು 9 ಮಾತ್ರ. ಹೀಗಾಗಿ 20 ಶೇಕಡಾ ಎಥನಾಲ್ ಬೆರೆತ ಇ20 ಇಂಧನಕ್ಕೆ ಅದು 13.5ರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಸೈಲೆನ್ಸರ್ ಕೊಳವೆಯಲ್ಲಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಮುಂಚೆ ಕೂರಿಸಿರುವ ಆಕ್ಸಿಜನ್ ಸೆನ್ಸರ್‌ನ ಮೂಲಕ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗಮನಿಸುತ್ತಾ, ಕ್ಷಣಕ್ಷಣಕ್ಕೂ ಪೆಟ್ರೋಲನ್ನು ಹೆಚ್ಚಿಸಿ ಇಳಿಸಿ ಮಿಶ್ರಣವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಮಾಡುತ್ತಿದ್ದ ಟ್ಯೂನಿಂಗ್ ಕೆಲಸವನ್ನು ಈಗ ಈ ಜೋಡಿ ಮಾಡುತ್ತಿದೆ, ಆದ್ದರಿಂದ ಈ ಕಾರುಗಳಲ್ಲಿ ತಿರುಗಿಸಲು ಅಂಥ ಸ್ಕ್ರೂ ಯಾವುದೂ ಇಲ್ಲ.

ಲೀನ್ ಆದರೆ ಪೆಟ್ರೋಲ್ ಕಡಿಮೆ ತಾನೇ ಹೋಗಬೇಕು? ಮೈಲೇಜ್ ಏಕೆ ಬೀಳುತ್ತದೆ?

ಈ ಪ್ರಶ್ನೆಯ ಉತ್ತರ ಸ್ಪಷ್ಟವಾದರೆ ಉಳಿದದ್ದು ಸುಲಭ. ಪಿ0171 ಎಂಬ ಕೋಡ್ ಬಂದಾಗ ಸ್ಕ್ಯಾನರ್ ಪರದೆಯಲ್ಲಿ ‘ಸಿಸ್ಟಂ ಟೂ ಲೀನ್’ ಎಂದು ಕಾಣುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾಗಿರುವಂತೆ ಸೆನ್ಸರ್ ಹೇಳುತ್ತಿದೆ, ಅದನ್ನು ಸರಿದೂಗಿಸಲು ತಾನು ಸುರಿಯುತ್ತಿರುವ ಹೆಚ್ಚುವರಿ ಪೆಟ್ರೋಲ್ ಮಿತಿ ಮುಟ್ಟಿದೆ ಎಂಬುದು ಇಸಿಯು ಕೊಡುತ್ತಿರುವ ವರದಿ. ಈ ವರದಿಯ ಹಿಂದೆ ಎರಡು ಬೇರೆಬೇರೆ ಸ್ಥಿತಿಗಳಿರಬಹುದು.

ಮೊದಲನೆಯದು ನಿಜವಾದ ಲೀನ್. ಎಲ್ಲೋ ಒಡೆದ ಹೋಸಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಬರುತ್ತಿರುತ್ತದೆ, ಇಲ್ಲವೇ ಪೆಟ್ರೋಲ್ ಸಾಕಷ್ಟು ಒತ್ತಡದಲ್ಲಿ ಬರುತ್ತಿರುವುದಿಲ್ಲ. ಇಸಿಯು ಸರಿದೂಗಿಸುವಷ್ಟು ಕಾಲ ಮೈಲೇಜಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅದರ ಮಿತಿ ಮೀರಿದ ಮೇಲೆ ಎಂಜಿನ್ ಮಿಸ್ ಆಗಿ, ಅಂದರೆ ಮಿಶ್ರಣ ಆಗಾಗ ಉರಿಯದೆ ಹೋಗಿ, ಪಿಕಪ್ ಕಳೆದುಕೊಂಡು, ಚಾಲಕರು ಆ್ಯಕ್ಸಿಲರೇಟರ್ ಹೆಚ್ಚು ಒತ್ತುವಂತಾಗಿ, ಕೆಳಗಿನ ಗಿಯರಿನಲ್ಲೇ ಹೆಚ್ಚು ಓಡಿಸುವಂತಾಗಿ ಖರ್ಚು ಏರುತ್ತದೆ. ಎರಡನೆಯದು ಸುಳ್ಳು ಲೀನ್. ಮಿಶ್ರಣ ಸರಿಯಾಗಿಯೇ ಇದ್ದು, ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬಿರುಕಿನಿಂದ ಹೊರಗಾಳಿ ಸೆನ್ಸರ್‌ಗೆ ತಾಗುತ್ತಿರುತ್ತದೆ ಅಥವಾ ಸೆನ್ಸರ್ ಹಳತಾಗಿ ಲೀನ್ ಕಡೆಗೇ ವಾಲಿರುತ್ತದೆ. ಆಗ ಇಸಿಯು ಬೇಡದಿದ್ದರೂ ಪೆಟ್ರೋಲ್ ಸುರಿಯುತ್ತದೆ, ಎಂಜಿನ್ ವಾಸ್ತವದಲ್ಲಿ ರಿಚ್ ಆಗಿ ಓಡುತ್ತದೆ, ಮೈಲೇಜ್ ನೇರವಾಗಿ ಕುಸಿಯುತ್ತದೆ. ಲೀನ್ ಕೋಡ್ ಇದ್ದೂ ಸೈಲೆನ್ಸರ್ ತುದಿಯಲ್ಲಿ ಕಪ್ಪು ಮಸಿ, ಪೆಟ್ರೋಲ್ ವಾಸನೆ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಮೂರನೆಯ ಸಾಧ್ಯತೆಯನ್ನೂ ಮರೆಯಬಾರದು: ಲೀನ್ ಕೋಡಿಗೂ ಮೈಲೇಜ್ ಕುಸಿತಕ್ಕೂ ಪರಸ್ಪರ ಸಂಬಂಧವೇ ಇಲ್ಲದಿರಬಹುದು. ಒಂದು ಚಕ್ರದ ಬ್ರೇಕ್ ಹಿಡಿದುಕೊಂಡಿರುವ ಕಾರಿನಲ್ಲೇ ಒಂದು ಹೋಸ್ ಒಡೆದಿರಬಹುದು.

ಇ20 ಪೆಟ್ರೋಲ್‌ನಿಂದಲೇ ನನ್ನ ಕಾರಿನ ಮೈಲೇಜ್ ಬಿದ್ದಿರಬಹುದೇ?

ಸ್ವಲ್ಪ ಪಾಲು ಅದರದ್ದೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಒಂದು ಲೀಟರ್ ಎಥನಾಲ್‌ನಲ್ಲಿ ಸುಮಾರು 21 ಇದೆ. ಲೆಕ್ಕ ಹಾಕಿದರೆ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು 7 ಶೇಕಡಾ, ಅದಕ್ಕೂ ಮೊದಲು ಸಿಗುತ್ತಿದ್ದ ಇ10ಕ್ಕಿಂತ ಸುಮಾರು 3.5 ಶೇಕಡಾ ಶಕ್ತಿ ಕಡಿಮೆ. ಶುದ್ಧ ಪೆಟ್ರೋಲಿಗೆಂದು ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ 6ರಿಂದ 7 ಶೇಕಡಾ, ಇ10ಕ್ಕೆ ವಿನ್ಯಾಸಗೊಂಡು ಇ20ಗೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2 ಶೇಕಡಾ ದಕ್ಷತೆ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು.

ಈ ಅಂಕಿಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಲೀಟರಿಗೆ 15 ಕೊಡುತ್ತಿದ್ದ ಕಾರು 14ಕ್ಕೆ ಬಂದಿದ್ದರೆ ಇಂಧನ ಕಾರಣವಾಗಿರಬಹುದು. 15ರಿಂದ 11ಕ್ಕೆ ಬಿದ್ದಿದ್ದರೆ ಅಷ್ಟೂ ಭಾರವನ್ನು ಎಥನಾಲ್ ಮೇಲೆ ಹಾಕಿ ಸುಮ್ಮನಾಗುವುದು ಸರಿಯಲ್ಲ. ಆ ಕಾರಿನಲ್ಲಿ ದೋಷವಿದೆ, ಅದನ್ನು ಹುಡುಕಬೇಕು. ‘ಈಗ ಎಲ್ಲ ಕಾರೂ ಹೀಗೆಯೇ, ಪೆಟ್ರೋಲೇ ಸರಿಯಿಲ್ಲ’ ಎಂದು ಸರ್ವಿಸ್ ಸೆಂಟರಿನಲ್ಲಿ ಹೇಳಿ ಕಳುಹಿಸಿದರೆ ಈ ಲೆಕ್ಕವನ್ನು ಅವರ ಮುಂದಿಡಿ. ಇನ್ನೊಂದು ಮಾತು: ಇ20 ಹಾಕಿದ ಹಳೆಯ ಕಾರಿನಲ್ಲಿ ಇಸಿಯು ಸಹಜವಾಗಿಯೇ ಕೆಲವು ಶೇಕಡಾ ಹೆಚ್ಚು ಇಂಧನ ಸೇರಿಸುತ್ತದೆ, ಆದ್ದರಿಂದ ಮುಂದೆ ವಿವರಿಸಿರುವ ಫ್ಯೂಯಲ್ ಟ್ರಿಮ್ +5 ಅಥವಾ +7 ಎಂದು ಕಂಡರೆ ಗಾಬರಿಯಾಗಬೇಕಿಲ್ಲ.

ಫ್ಯೂಯಲ್ ಟ್ರಿಮ್ ಎಂದರೇನು, ಅದನ್ನು ಓದುವುದು ಹೇಗೆ?

ಸ್ಟೀರಿಂಗ್ ಕೆಳಗೆ 16 ಪಿನ್‌ಗಳ ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಣ್ಣ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಮೊಬೈಲಿನಲ್ಲೇ ಎಂಜಿನ್ನಿನ ಅಂಕಿಗಳು ಕಾಣುತ್ತವೆ. ಅವುಗಳಲ್ಲಿ ಶಾರ್ಟ್ ಟರ್ಮ್ ಟ್ರಿಮ್ ಈ ಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ಟ್ರಿಮ್ ಇಸಿಯು ಕಲಿತು ನೆನಪಿಟ್ಟುಕೊಂಡ ತಿದ್ದುಪಡಿ. ಎರಡನ್ನೂ ಕೂಡಿಸಿ ನೋಡಬೇಕು. ಧನ ಚಿಹ್ನೆಯಿದ್ದರೆ ಪೆಟ್ರೋಲ್ ಸೇರಿಸಲಾಗುತ್ತಿದೆ, ಋಣ ಚಿಹ್ನೆಯಿದ್ದರೆ ಕಡಿತ ಮಾಡಲಾಗುತ್ತಿದೆ. ಮೊತ್ತ 5 ಶೇಕಡಾದ ಒಳಗಿದ್ದರೆ ಒಳ್ಳೆಯದು, 10ರ ವರೆಗೆ ಸಹಿಸಬಹುದು, ಅದನ್ನು ದಾಟಿದರೆ ಹುಡುಕಾಟ ಆರಂಭಿಸಬೇಕು. ಬಹುತೇಕ ಕಾರುಗಳಲ್ಲಿ ಅದು 20ರಿಂದ 25ರ ಹತ್ತಿರ ಬಂದು ನಿಂತ ಮೇಲಷ್ಟೇ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ; ಅಂದರೆ ಲೈಟ್ ಹತ್ತದ ಕಾರಿನಲ್ಲೂ ತೊಂದರೆ ಬೆಳೆಯುತ್ತಿರಬಹುದು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ ಮೂರು ಸ್ಥಿತಿಗಳಲ್ಲಿ ಅಂಕಿ ಬರೆದುಕೊಳ್ಳಿ: ಐಡ್ಲಿಂಗ್‌ನಲ್ಲಿ, ನಿಂತಲ್ಲೇ 2500 ಆರ್‌ಪಿಎಂ ಹಿಡಿದು, ಮತ್ತು ಏರುರಸ್ತೆಯಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ. ಮೂರನೆಯದನ್ನು ಪಕ್ಕದಲ್ಲಿ ಕುಳಿತವರು ಓದಬೇಕು, ಚಾಲಕರ ಕಣ್ಣು ರಸ್ತೆಯ ಮೇಲಿರಬೇಕು. ಐಡ್ಲಿಂಗ್‌ನಲ್ಲಿ +18 ಇದ್ದು 2500ಕ್ಕೆ ಹೋದಾಗ +4ಕ್ಕೆ ಇಳಿದರೆ ಅದು ಗಾಳಿಯ ಸೋರಿಕೆಯ ಲಕ್ಷಣ, ಏಕೆಂದರೆ ತೂತಿನಿಂದ ಬರುವ ಗಾಳಿ ಹೆಚ್ಚುಕಡಿಮೆ ಅಷ್ಟೇ ಇದ್ದು, ಆ್ಯಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ಮೂಲಕ ಬರುವ ಗಾಳಿ ಹೆಚ್ಚಾದಂತೆ ಅದರ ಪಾಲು ಕುಗ್ಗುತ್ತದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಭಾರ ಬಿದ್ದಾಗ ಏರಿದರೆ ಪೆಟ್ರೋಲ್ ಪೂರೈಕೆಯನ್ನೋ ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರನ್ನೋ ಸಂಶಯಿಸಬೇಕು. ಮೂರರಲ್ಲೂ ಒಂದೇ ಸಮನಾಗಿ ಹೆಚ್ಚಿದ್ದರೆ ಇಂಧನದ ಒತ್ತಡ, ಆಕ್ಸಿಜನ್ ಸೆನ್ಸರ್, ಅಥವಾ ಇಂಧನದ ಗುಣವೇ ಬದಲಾಗಿರುವ ಸಾಧ್ಯತೆ ಇದೆ. ಈ ಮೂರು ಸಾಲುಗಳು ಯಾವ ದುಬಾರಿ ಬಿಡಿಭಾಗಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಗಾಳಿಯ ಸೋರಿಕೆಯನ್ನು ಎಲ್ಲಿ ಹುಡುಕಬೇಕು?

ಏರ್ ಫಿಲ್ಟರ್‌ನಿಂದ ಥ್ರಾಟಲ್ ಬಾಡಿಗೆ ಹೋಗುವ ರಬ್ಬರ್ ಕೊಳವೆಯ ಮಡಿಕೆಗಳನ್ನು ಕೈಯಿಂದ ಬಿಡಿಸಿ ನೋಡಿ, ಬಿರುಕು ಅಲ್ಲಿ ಅಡಗಿರುತ್ತದೆ. ಸರ್ವಿಸ್ ಆದ ಮರುದಿನವೇ ತೊಂದರೆ ಶುರುವಾಗಿದ್ದರೆ ಆ ಕೊಳವೆಯ ಕ್ಲ್ಯಾಂಪ್ ಸಡಿಲವಾಗಿರುವುದೇ ಕಾರಣವಾಗಿರಬಹುದು. ವಾರಗಟ್ಟಲೆ ನಿಲ್ಲಿಸಿದ ಕಾರುಗಳಲ್ಲಿ ಇಲಿ, ಹೆಗ್ಗಣಗಳು ಸಣ್ಣ ವ್ಯಾಕ್ಯೂಮ್ ಹೋಸ್‌ಗಳನ್ನು ಕಡಿದಿರುತ್ತವೆ. ಎಂಜಿನ್ನಿನ ತಳಭಾಗದ ಆವಿಯನ್ನು ಮತ್ತೆ ಒಳಕ್ಕೆ ಬಿಡುವ ಪಿಸಿವಿ ವಾಲ್ವ್ ಮತ್ತು ಅದರ ಹೋಸ್, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಬುಡದ ಒ-ರಿಂಗ್‌ಗಳು ನಂತರದ ಜಾಗಗಳು.

ಬ್ರೇಕ್ ಬೂಸ್ಟರ್ ಹಲವರ ಗಮನಕ್ಕೆ ಬರುವುದಿಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪೆಡಲ್ ಒತ್ತಿ ಹಿಡಿದರೆ ಬುಸ್ ಎಂಬ ಸದ್ದು ನಿಲ್ಲದೆ ಕೇಳಿಸಿ, ಟ್ರಿಮ್ ಜಿಗಿದರೆ ಬೂಸ್ಟರ್ ಒಳಗಿನ ಪೊರೆ ಹರಿದಿದೆ. ಇದು ಮೈಲೇಜಿಗಿಂತ ಮೊದಲು ಬ್ರೇಕಿನ ಸುರಕ್ಷತೆಯ ವಿಷಯ, ಅದೇ ದಿನ ಸರಿಪಡಿಸಬೇಕು.

ಪರ್ಜ್ ವಾಲ್ವ್ ಇನ್ನೊಂದು. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇದ್ದಿಲ ಡಬ್ಬಿಯಿಂದ ಎಂಜಿನ್ನಿಗೆ ಬಿಡುವ ಈ ವಾಲ್ವ್ ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡರೆ, ಪೆಟ್ರೋಲ್ ಹಾಕಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ತಿಣುಕುತ್ತದೆ. ಡಬ್ಬಿಯಲ್ಲಿ ಆವಿ ಮುಗಿದ ಮೇಲೆ ಅದೇ ದಾರಿಯಿಂದ ಬರಿಯ ಗಾಳಿ ನುಗ್ಗಿ ಐಡ್ಲಿಂಗ್‌ನಲ್ಲಿ ಲೀನ್ ತೋರಿಸುತ್ತದೆ. ಪರೀಕ್ಷೆ ಸರಳ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಸ್ಕ್ಯಾನರಿನಲ್ಲಿ ಪರ್ಜ್ ಅಂಕಿ ಸೊನ್ನೆ ಇರುವುದನ್ನು ನೋಡಿಕೊಂಡು, ಡಬ್ಬಿಯ ಕಡೆಯಿಂದ ಬರುವ ಹೋಸನ್ನು ವಾಲ್ವಿನಿಂದ ಬಿಡಿಸಿ, ವಾಲ್ವಿನ ಬಾಯಿಗೆ ಹೆಬ್ಬೆರಳಿಡಿ. ಬೆರಳನ್ನು ಒಳಕ್ಕೆ ಹೀರಿದಂತಾದರೆ ವಾಲ್ವ್ ಕೆಟ್ಟಿದೆ.

ಸೋರುವ ಜಾಗ ಹುಡುಕಲು ಕೆಲವರು ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುತ್ತಾರೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಅದು ಹೊತ್ತಿಕೊಳ್ಳುವ ದ್ರವ, ಮನೆಯಲ್ಲಿ ಈ ಪ್ರಯೋಗ ಬೇಡ. ಇನ್‌ಟೇಕ್ ಒಳಗೆ ಹೊಗೆ ತುಂಬಿಸಿ ಅದು ಎಲ್ಲಿಂದ ಹೊರಬರುತ್ತದೆಂದು ನೋಡುವ ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜ್ ಸಿಕ್ಕರೆ ಅದಕ್ಕೆ ಕೊಡುವ ಹಣ ವ್ಯರ್ಥವಾಗುವುದಿಲ್ಲ.

ನನ್ನ ಕಾರಿನಲ್ಲಿ ಏರ್‌ಫ್ಲೋ ಸೆನ್ಸರ್ ಇಲ್ಲ, ಮ್ಯಾಪ್ ಸೆನ್ಸರ್ ಮಾತ್ರ ಇದೆ. ಇದೇ ವಿಧಾನ ಅನ್ವಯಿಸುತ್ತದೆಯೇ?

ಪೂರ್ತಿಯಾಗಿ ಅನ್ವಯಿಸುವುದಿಲ್ಲ, ವಿದೇಶಿ ವೀಡಿಯೊಗಳನ್ನು ನೋಡಿ ಹುಡುಕಾಟಕ್ಕಿಳಿಯುವವರು ದಾರಿ ತಪ್ಪುವುದು ಇಲ್ಲಿಯೇ. ಭಾರತದ ಅನೇಕ ಸಣ್ಣ ಕಾರುಗಳು ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾಪ್ ಸೆನ್ಸರ್ ಅಳೆಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ, ಗಾಳಿಯ ಉಷ್ಣತೆ, ಆರ್‌ಪಿಎಂ ಇವುಗಳಿಂದ ಲೆಕ್ಕ ಹಾಕುತ್ತವೆ. ಇಂಥ ಕಾರಿನಲ್ಲಿ ತೂತಿನಿಂದ ಬಂದ ಗಾಳಿಯೂ ಒತ್ತಡವನ್ನು ಹೆಚ್ಚಿಸುವುದರಿಂದ ಇಸಿಯು ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಟ್ಟುಬಿಡುತ್ತದೆ. ಟ್ರಿಮ್ ಅಷ್ಟಾಗಿ ಏರುವುದಿಲ್ಲ, ಐಡ್ಲಿಂಗ್ ಆರ್‌ಪಿಎಂ ಏರುತ್ತದೆ. ಸೋರಿಕೆ ಒಂದೇ ಸಿಲಿಂಡರ್‌ನ ಹಾದಿಯಲ್ಲಿದ್ದರೆ ಆ ಸಿಲಿಂಡರ್ ಮಾತ್ರ ಲೀನ್ ಆಗಿ ಮಿಸ್ ಆಗುತ್ತದೆ.

ಮ್ಯಾಪ್ ಸೆನ್ಸರ್ ನಿಜ ಹೇಳುತ್ತಿದೆಯೇ ಎಂದು ನೋಡಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಅಂಕಿ ಓದಿ; ಅದು ಹೊರಗಿನ ವಾಯುಭಾರಕ್ಕೆ ಸಮನಾಗಿರಬೇಕು. ಸಮುದ್ರಮಟ್ಟದ ಮಂಗಳೂರಿನಲ್ಲಿ 100ರಿಂದ 101 ಕಿಲೋಪಾಸ್ಕಲ್, 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 90ರಿಂದ 91, ಮಡಿಕೇರಿಯಲ್ಲಿ 88ರ ಆಸುಪಾಸು ಬರಬೇಕು. ಬೆಂಗಳೂರಿನಲ್ಲಿ ನಿಂತ ಕಾರು 100 ತೋರಿಸುತ್ತಿದ್ದರೆ ಸೆನ್ಸರ್ ಇಲ್ಲದ ಗಾಳಿಯನ್ನು ಲೆಕ್ಕ ಹಿಡಿದು ಹೆಚ್ಚು ಪೆಟ್ರೋಲ್ ಕೇಳುತ್ತಿದೆ, 83 ತೋರಿಸುತ್ತಿದ್ದರೆ ಕಡಿಮೆ ಕೇಳುತ್ತಿದೆ. ಟ್ರಿಮ್ ಇದನ್ನು ಒಂದಷ್ಟು ಸರಿಪಡಿಸಿದರೂ, ಬೆಳಗಿನ ತಣ್ಣನೆ ಸ್ಟಾರ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇನ್ನೂ ಕೆಲಸಕ್ಕೆ ಇಳಿಯದ ಹೊತ್ತಿನಲ್ಲಿ ತಿದ್ದುವವರು ಯಾರೂ ಇರುವುದಿಲ್ಲ.

ಏರು ಹತ್ತುವಾಗ ಮಾತ್ರ ಲೀನ್ ಆಗುತ್ತದೆ, ಎಳೆತ ಸಾಲದು. ಏನಿರಬಹುದು?

ಪೆಟ್ರೋಲ್ ಸಾಕಷ್ಟು ತಲುಪುತ್ತಿಲ್ಲ. ಇಂಥ ಎಂಜಿನ್‌ಗಳಲ್ಲಿ ಇಂಧನದ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್ ಇರುತ್ತದೆ. ಸರಿಯಾದ ಅಂಕಿಯನ್ನು ಆಯಾ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಿಂದ ಪಡೆದು, ಗೇಜ್ ಕಟ್ಟಿ, ಐಡ್ಲಿಂಗ್‌ನಲ್ಲಿ ಮಾತ್ರವಲ್ಲದೆ ಭಾರ ಬಿದ್ದಾಗಲೂ ನೋಡಬೇಕು. ಟ್ಯಾಂಕಿನೊಳಗಿನ ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪಿನ ಕನೆಕ್ಟರ್ ಸುಟ್ಟು ಸಾಕಷ್ಟು ವೋಲ್ಟೇಜ್ ಸಿಗದಿರಬಹುದು. ಇಂಧನದ ದೀಪ ಹತ್ತಿದ ಮೇಲೂ ದಿನಗಟ್ಟಲೆ ಓಡಿಸುವ ರೂಢಿಯಿದ್ದರೆ, ಪೆಟ್ರೋಲಿನಲ್ಲಿ ಮುಳುಗಿದ್ದು ತಣ್ಣಗಾಗಬೇಕಾದ ಪಂಪ್ ಬೇಗ ಸವೆಯುತ್ತದೆ. ಏರ್‌ಫ್ಲೋ ಸೆನ್ಸರ್ ಇರುವ ಕಾರಾದರೆ ಅದರ ತಂತಿಯ ಮೇಲೆ ಧೂಳು ಕೂತಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅದಕ್ಕೆಂದೇ ಸಿಗುವ ಕ್ಲೀನರ್ ಬಳಸಿ ತೊಳೆಯಬೇಕು, ಬಟ್ಟೆಯಿಂದ ಉಜ್ಜಬಾರದು.

ಆಕ್ಸಿಜನ್ ಸೆನ್ಸರ್ ಬದಲಿಸಿಬಿಡೋಣವೇ?

ಮೊದಲು ಪರೀಕ್ಷಿಸಿ. ಹಳೆಯ ಮಾದರಿಯ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಬೇಗಬೇಗ ಏರಿಳಿಯುತ್ತಿರಬೇಕು. ಆ್ಯಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ 0.8 ದಾಟಬೇಕು; ವೇಗದಲ್ಲಿ ಕಾಲು ತೆಗೆದಾಗ ಇಂಜೆಕ್ಟರ್‌ಗಳು ಮುಚ್ಚಿಕೊಳ್ಳುವುದರಿಂದ 0.1ರ ಕೆಳಗೆ ಇಳಿಯಬೇಕು. ಎರಡೂ ತುದಿಗಳನ್ನು ತಡವಿಲ್ಲದೆ ಮುಟ್ಟುವ ಸೆನ್ಸರ್ ಆರೋಗ್ಯವಾಗಿದೆ, ಅದು ತಂದ ಸುದ್ದಿಯನ್ನು ನಂಬಬಹುದು. ಅನೇಕ ಹೊಸ ಕಾರುಗಳಲ್ಲಿರುವ ಏರ್-ಫ್ಯೂಯಲ್ ಸೆನ್ಸರ್‌ಗೆ ಈ ವೋಲ್ಟ್ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಸರಿಯಾದ ಮಿಶ್ರಣವನ್ನು 1 ಎಂದು ಎಣಿಸುವ ಲ್ಯಾಂಬ್ಡಾ ಅಂಕಿ 1ರ ಹತ್ತಿರ ನಿಂತಿದೆಯೇ ಎಂದು ನೋಡಬೇಕು.

ಸೆನ್ಸರ್ ಸರಿಯಿದ್ದು ಟ್ರಿಮ್ ಹೆಚ್ಚಿದ್ದರೆ, ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಆದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಳಿ ಟಿಕ್ ಟಿಕ್ ಸದ್ದು ಕೇಳುತ್ತದೆಯೇ, ಗ್ಯಾಸ್ಕೆಟ್ ಸುತ್ತ ಮಸಿಯ ಗೆರೆ ಇದೆಯೇ ಎಂದು ನೋಡಿ. ಹೊಗೆ ಮಿಡಿತ ಮಿಡಿತವಾಗಿ ಹೊರಹೋಗುವಾಗ ನಡುವಿನ ಕ್ಷಣಗಳಲ್ಲಿ ಆ ಸಂದಿಯಿಂದ ಹೊರಗಾಳಿ ಒಳಸೇರುತ್ತದೆ. ಬಿಸಿಯಾದ ಮೇಲೆ ಲೋಹ ಹಿಗ್ಗಿ ಸದ್ದು ಅಡಗುವುದರಿಂದ ಗ್ಯಾರೇಜಿಗೆ ಓಡಿಸಿಕೊಂಡು ಹೋದ ಕಾರಿನಲ್ಲಿ ಇದು ಸಿಗುವುದಿಲ್ಲ. ಕಾರನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟುಬನ್ನಿ.

ಯಾವ ಕೋಡೂ ಇಲ್ಲ, ಟ್ರಿಮ್ ಕೂಡ ಸರಿಯಿದೆ. ಆದರೂ ಮೈಲೇಜ್ ಕಡಿಮೆ. ಮುಂದೇನು?

ಮಿಶ್ರಣವನ್ನು ಬಿಟ್ಟು ಬೇರೆಡೆ ನೋಡಿ. ಕೂಲಂಟ್ ಉಷ್ಣತೆ ಹೆದ್ದಾರಿಯಲ್ಲಿ 85 ಡಿಗ್ರಿ ಸೆಲ್ಸಿಯಸ್ ದಾಟದೆ 65ರ ಸುತ್ತಲೇ ಉಳಿದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಎಂಜಿನ್ ಇನ್ನೂ ಬಿಸಿಯಾಗುತ್ತಿದೆ ಎಂದು ನಂಬಿಕೊಂಡು ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ. ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ’ ಎಂದು ಕಿತ್ತೆಸೆದ ಕಾರುಗಳಲ್ಲೂ ಇದೇ ಆಗುತ್ತದೆ. ಆ ಸಲಹೆ ಶುದ್ಧ ತಪ್ಪು. ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ರಿಮ್ ಮಾತ್ರ ಬಿಸಿ ಉಗುಳುತ್ತಿದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ. ಟೈರಿನ ಗಾಳಿಯನ್ನು ಚಾಲಕರ ಬಾಗಿಲ ಬಳಿಯ ಚೀಟಿಯಲ್ಲಿರುವ ಅಂಕಿಗೆ ಹೋಲಿಸಿ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ವ್ಯಾಸದ ಟೈರ್ ಹಾಕಿಸಿದ್ದರೆ ಓಡೋಮೀಟರ್ ನಿಜವಾಗಿ ಕ್ರಮಿಸಿದ್ದಕ್ಕಿಂತ ಕಡಿಮೆ ದೂರ ತೋರಿಸುತ್ತದೆ, ಹಾಗಾಗಿ ಕುಸಿತದ ಒಂದು ಪಾಲು ಕೇವಲ ಲೆಕ್ಕದ್ದಾಗಿರಬಹುದು.

ಸಿಎನ್‌ಜಿ ಕಿಟ್ ಹಾಕಿಸಿದ ಮೇಲೆ ಪೆಟ್ರೋಲಿನಲ್ಲಿ ತೊಂದರೆ ಶುರುವಾಗಿದೆ. ಕಾರಣವೇನು?

ಕಿಟ್ ಜೋಡಿಸುವಾಗ ಮ್ಯಾನಿಫೋಲ್ಡ್‌ಗೆ ಕೊರೆದ ತೂತುಗಳ ಫಿಟ್ಟಿಂಗ್‌ಗಳು ಸೋರುತ್ತಿರಬಹುದು. ಗ್ಯಾಸ್ ಟ್ಯೂನಿಂಗ್ ಸರಿಯಿಲ್ಲದಿದ್ದರೆ, ಗ್ಯಾಸಿನಲ್ಲಿ ಓಡುವಾಗ ಕಲಿತ ಲಾಂಗ್ ಟರ್ಮ್ ಟ್ರಿಮ್ಮನ್ನೇ ಇಸಿಯು ಪೆಟ್ರೋಲಿಗೂ ಬಳಸುತ್ತದೆ. ಎರಡೂ ಇಂಧನಗಳಲ್ಲಿ ಬೇರೆಬೇರೆಯಾಗಿ ಟ್ರಿಮ್ ಬರೆದುಕೊಂಡು ಕಿಟ್ ಹಾಕಿದವರಲ್ಲಿಗೇ ಹೋಗಿ.

ಬ್ಯಾಟರಿ ತೆಗೆದು ಹಾಕಿದರೆ ಸರಿಹೋಗುತ್ತದೆಯೇ? ಇಂಜೆಕ್ಟರ್ ಕ್ಲೀನರ್ ಬಾಟಲಿ ಸುರಿಯಬಹುದೇ?

ಬ್ಯಾಟರಿ ತೆಗೆದರೆ ಅನೇಕ ಕಾರುಗಳಲ್ಲಿ ಕಲಿತ ಟ್ರಿಮ್ ಅಳಿಸಿಹೋಗುತ್ತದೆ, ಅಂದರೆ ದೋಷವನ್ನು ಪತ್ತೆಹಚ್ಚಲು ಬೇಕಿದ್ದ ಸಾಕ್ಷ್ಯವೇ ಹೋಗುತ್ತದೆ. ಕೋಡ್ ಬಂದ ಗಳಿಗೆಯ ವೇಗ, ಆರ್‌ಪಿಎಂ, ಉಷ್ಣತೆಗಳನ್ನು ಹಿಡಿದಿಡುವ ಫ್ರೀಝ್ ಫ್ರೇಮ್ ಮಾಹಿತಿಯೂ ಕೋಡ್ ಅಳಿಸಿದೊಡನೆ ಹೋಗುತ್ತದೆ. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕ್ಲೀನರ್ ಬಾಟಲಿಯಿಂದ ಹಾನಿಯಿಲ್ಲ, ಇಂಜೆಕ್ಟರ್ ಕೊಂಚ ಕಟ್ಟಿದ್ದರೆ ಸಹಾಯವೂ ಆಗಬಹುದು. ಹರಿದ ಹೋಸನ್ನು ಅದು ಮುಚ್ಚಲಾರದು.

ಲೀನ್ ಕೋಡ್ ಇದ್ದರೂ ಕಾರು ಓಡಿಸುತ್ತಿರಬಹುದೇ?

ಎಂಜಿನ್ ಸಮವಾಗಿ ಓಡುತ್ತಿದ್ದರೆ ಗ್ಯಾರೇಜಿನವರೆಗೆ ನಿಧಾನವಾಗಿ ಹೋಗಬಹುದು. ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಎಂಜಿನ್ ಮಿಸ್ ಆಗಿ, ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಉರಿದು ಅದನ್ನು ಕರಗಿಸುತ್ತಿರಬಹುದು. ಆಗ ನಿಲ್ಲಿಸಿ ಟೋ ಮಾಡಿಸಿ. ಏರುರಸ್ತೆಯಲ್ಲಿ ಭಾರ ಹೊತ್ತು ಲೀನ್ ಆಗಿ ಓಡುವ ಎಂಜಿನ್ನಿನಲ್ಲಿ ನಾಕಿಂಗ್ ಆಗಿ, ಅಂದರೆ ಮಿಶ್ರಣ ನಿಯಂತ್ರಣವಿಲ್ಲದೆ ಸ್ಫೋಟಿಸಿ, ಪಿಸ್ಟನ್, ವಾಲ್ವ್‌ಗಳಿಗೆ ಹಾನಿಯಾಗುವ ಅಪಾಯವಿರುವುದರಿಂದ ಘಾಟಿ ಪ್ರಯಾಣವನ್ನು ರಿಪೇರಿಯ ನಂತರಕ್ಕೆ ಮುಂದೂಡಿ.

ರಿಪೇರಿ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಲೈಟ್ ಆರಿರುವುದು ಸಾಕ್ಷಿಯಾಗುವುದಿಲ್ಲ, ಕೋಡ್ ಅಳಿಸಿದರೂ ಅದು ಆರುತ್ತದೆ. ರಿಪೇರಿಗೆ ಮುನ್ನ ಬರೆದ ಮೂರು ಟ್ರಿಮ್ ಅಂಕಿಗಳನ್ನು ಜಾಬ್ ಕಾರ್ಡಿನಲ್ಲೇ ನಮೂದಿಸಲು ಹೇಳಿ, ಕಾರು ಪಡೆದ ಮೇಲೆ ಒಂದೆರಡು ದಿನ ನಗರ, ಹೆದ್ದಾರಿ ಎರಡರಲ್ಲೂ ಓಡಿಸಿ ಅದೇ ಮೂರು ಸ್ಥಿತಿಗಳಲ್ಲಿ ಮತ್ತೆ ಅಳೆಯಿರಿ. ಐಡ್ಲಿಂಗ್‌ನಲ್ಲಿ +18 ಇದ್ದದ್ದು +5ರ ಒಳಗೆ ಬಂದು ನಿಂತಿದ್ದರೆ ದೋಷ ಹೋಗಿದೆ. ಮೈಲೇಜ್ ಮರಳಿದೆಯೇ ಎಂಬ ತೀರ್ಮಾನವನ್ನು ಅದಾದ ಮೇಲೆ ಅದೇ ಬಂಕಿನಲ್ಲಿ ತುಂಬಿಸಿದ ಮೂರು ಟ್ಯಾಂಕುಗಳ ಲೆಕ್ಕ ಕೈಗೆ ಬಂದ ನಂತರವೇ ಮಾಡಿ.